ಹೊರಗಿನ ಮುಳ್ಳು

ನನ್ನ ದೊಡ್ಡವ್ವನ ಅಂಗಾಲು ಬೆಣ್ಣೆಯಷ್ಟು ಮೆತ್ತಗಿತ್ತು. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬಾರದು. ತಾಳವಾಡಿ ಬೆಟ್ಟದ ಮೇಲಿನ ನಮ್ಮೂರಿನಲ್ಲಿ ಹಿಮ್ಮಡಿ ನೋಡಿದರೆ ಸಾಕು, ಹೆಂಗಸಿನ ಬದುಕು ತಿಳಿಯುತ್ತಿತ್ತು. ರಾಗಿ ಹೊಲದ ಮಣ್ಣು ಒಡಕುಗಳಲ್ಲಿ ಸೇರಿ, ಎಷ್ಟು ತಿಕ್ಕಿ ತೊಳೆದರೂ ಹೋಗದ ಕಪ್ಪು ಗೆರೆಗಳಾಗಿರುತ್ತಿದ್ದವು. ದೊಡ್ಡವ್ವನ ಕಾಲಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಅವಳು ಕುಕ್ಕರುಗಾಲಲ್ಲಿ ಕೂತು ನೆಲ ಸಾರಿಸುವಾಗ ಸೀರೆಯಂಚಿನ ಕೆಳಗೆ ಕಾಣುವ ಆ ಬಿಳಿಯ ಅಂಗಾಲು ನೋಡಿ, ನಮ್ಮ ದೊಡ್ಡವ್ವ ರಾಣಿ ಇದ್ದ ಹಾಗೆ ಎಂದು ಓರಗೆಯ ಹುಡುಗಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ವರ್ಷಗಟ್ಟಲೆ ಅಂಗಳದ ಬಾಗಿಲು ದಾಟದವಳ ಕಾಲು ಹಾಗಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ಚಾಮರಾಜನಗರದ ಕಡೆಯವಳು, ಎಂಟನೇ ಕ್ಲಾಸು ಪಾಸು ಮಾಡಿದ್ದಳು. ಆ ಕಾಲಕ್ಕೆ ಅಷ್ಟು ಓದಿದ್ದರೆ ಟೀಚರ್ ಟ್ರೇನಿಂಗಿಗೆ ಸೇರಬಹುದಿತ್ತು. ಮದುವೆಯಾದ ಮೇಲೂ ಕಳಿಸುತ್ತೇವೆ ಎಂದು ನಮ್ಮ ಮನೆಯವರು ಮಾತು ಕೊಟ್ಟಿದ್ದರಂತೆ. ಮದುವೆಯಾದ ಎರಡನೇ ವರ್ಷಕ್ಕೆ, ಟ್ರೇನಿಂಗಿಗೆ ಬಾ ಎಂದು ಕಾಗದ ಬಂತು, ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಒಂದು ಬೆಳಿಗ್ಗೆ ದೊಡ್ಡವ್ವ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಬಸ್ಸಿನಲ್ಲಿದ್ದ ನೆಂಟರೊಬ್ಬರು ಗುರುತು ಹಿಡಿದು, ಕರ್ನಾಟಕದ ಗಡಿಯ ಹತ್ತಿರ ಇಳಿಸಿಕೊಂಡು, ವಾಪಸು ಕರೆತಂದರು.

ನಮ್ಮ ದೊಡ್ಡಪ್ಪ ಕೈ ಎತ್ತುವ ಜಾಯಮಾನದವರಲ್ಲ, ಅದಕ್ಕಾಗಿ ಊರೆಲ್ಲ ಅವರನ್ನು ಹೊಗಳುತ್ತಿತ್ತು. ಅವತ್ತೂ ಹೊಡೆಯಲಿಲ್ಲ. ಅಂಗಳದ ಬಾಗಿಲಿನ ಹೊಸ್ತಿಲ ಕಲ್ಲು ತೋರಿಸಿ, "ಇನ್ನ ಈ ಕಲ್ಲ ದಾಟುದ್ರ ತಿರ್ಗಾ ಒಳಕ್ಕ ದಾಟ್ಬ್ಯಾಡ" ಎಂದರಂತೆ, ಅಷ್ಟೇ. ಅದೇ ವರ್ಷ ದೊಡ್ಡವ್ವನ ಅಪ್ಪ ತೀರಿಕೊಂಡಿದ್ದರು. ಅಣ್ಣನಿಗೆ ಅವನ ಸಂಸಾರವೇ ಹೊರೆಯಾಗಿತ್ತು. ದಾಟಿ ಹೋಗಲು ಒಂದು ಜಾಗ ಬೇಕಲ್ಲ, ಅದು ಅವಳಿಗೆ ಇರಲಿಲ್ಲ.

ಹೀಗೆ ಅವಳ ಲೋಕ ಒಲೆಯಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಅಂಗಳದ ಬಾವಿ. ದೀಪಾವಳಿ ಮುಗಿದ ಮಾರನೆಯ ದಿನ ಊರಿಗೆ ಊರೇ, ಒಬ್ಬರ ಮೇಲೊಬ್ಬರು ಸಗಣಿ ಉಂಡೆ ಎಸೆಯುವ ಗುಮಟಾಪುರದ ಸಗಣಿ ಹಬ್ಬಕ್ಕೆ ಹೋಗುತ್ತಿತ್ತು. ದೊಡ್ಡವ್ವ ಅದನ್ನು ನೋಡಿದ್ದು ನಮ್ಮ ಬಾಯಿಂದ. "ಯಾರ್ ಮೊಕ್ಕ ಬಿತ್ತು, ಮೊದ್ಲು ಎಸ್ದೋರು ಯಾರು, ಸರ್ಯಾಗಿ ಏಳು ಕೂಸೇ" ಎಂದು ಕೂರಿಸಿಕೊಂಡು ಕೇಳುತ್ತಿದ್ದಳು. ಹೆಣ್ಣಾಗಲಿ ಗಂಡಾಗಲಿ, ನಮ್ಮ ಕಡೆ ಮಕ್ಕಳೆಲ್ಲ ಕೂಸೇ.

ಅವಳ ಟ್ರಂಕಿನಲ್ಲಿ ಒಂದು ಪುಸ್ತಕವಿತ್ತು. ರಟ್ಟು ಹೋಗಿತ್ತು, ಮೊದಲ ಹಾಳೆಗಳೂ ಹೋಗಿದ್ದವು, ಹಾಗಾಗಿ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಳಗೆಲ್ಲ ಹೆಸರುವಾಸಿಯಾದ ಹೆಂಗಸರ ಕತೆಗಳು. ಕೋಟೆ ಬಿಡದೆ ಕಾದ ರಾಣಿ, ಸಮುದ್ರ ದಾಟಿ ಹೋಗಿ ಡಾಕ್ಟರಾದವಳು, ಕದ್ದು ಅಕ್ಷರ ಕಲಿತು ಶಾಲೆ ತೆರೆದ ವಿಧವೆ, ವಿಮಾನ ಹಾರಿಸಿದವಳು. ನಮ್ಮದು ತಮಿಳು ಸರ್ಕಾರ, ಕನ್ನಡ ಮಾತು. ಶಾಲೆಗೆ ಕನ್ನಡ ಪುಸ್ತಕ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತಿತ್ತು. ಹಾಗಾಗಿ ಸಂಜೆ ಹಾಲು ಕರೆಯುವ ಮುಂಚೆ, ಹಿಂದಿನ ಜಗಲಿಯಲ್ಲಿ, ಮನೆಯ ಮತ್ತು ಅಕ್ಕಪಕ್ಕದ ಏಳೆಂಟು ಮಕ್ಕಳಿಗೆ ಅದೇ ಪಠ್ಯವಾಯಿತು. ಒಂದೊಂದು ಸಾಲು ನಮ್ಮಿಂದ ಓದಿಸುವುದು, ಆಮೇಲೆ ಅವಳು ಚಿತ್ರ ಬರೆಯುವುದು.

ಬರೆಯುತ್ತಿದ್ದುದು ಸಗಣಿ ಸಾರಿಸಿದ ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಊರಿನ ಹೆಂಗಸರೆಲ್ಲ ಚುಕ್ಕಿ ಇಟ್ಟು ಎಳೆ ಕೂಡಿಸಿದರೆ ಇವಳು ಚುಕ್ಕಿಯಿಲ್ಲದೆ ಆಳೆತ್ತರದ ಹೆಂಗಸನ್ನೇ ಬರೆದುಬಿಡುತ್ತಿದ್ದಳು. ಕುದುರೆಯನ್ನು ಅವಳು ಹತ್ತಿರದಿಂದ ಕಂಡವಳಲ್ಲ. ಆದ್ದರಿಂದ ರಾಣಿಯ ಕುದುರೆಯ ಬೆನ್ನಿಗೆ ನಮ್ಮ ಎತ್ತಿನ ಡುಬ್ಬವೇ, ಆ ಇಣಿಯೇ ಬರುತ್ತಿತ್ತು. ಸಮುದ್ರದಲ್ಲಿ ಎಮ್ಮೆಗಳು ಮಲಗಿರುತ್ತಿದ್ದವು. ವಿಮಾನ ಎಂದು ಬರೆದದ್ದನ್ನು ನಾವು ಬಿತ್ತನೆಯ ಕೂರಿಗೆ ಎಂದು ಕೂಗಿದೆವು. "ಕೂರಿಗೇಗ ರೆಕ್ಕೆ ಇದ್ದದಾ, ನೋಡ್ರಪ್ಪ ಸರ್ಯಾಗಿ" ಎಂದು ಅವಳೂ ನಕ್ಕಳು. ಆಮೇಲೆ ನಮ್ಮ ಕೈಗೂ ಒಂದೊಂದು ಚಿಟಿಕೆ ಪುಡಿ ಕೊಟ್ಟು ಬರೆಸುತ್ತಿದ್ದಳು.

ಒಂದು ಪಟ್ಟು ಮಾತ್ರ ಬಿಡುತ್ತಿರಲಿಲ್ಲ. ಕಾಲು ಮೊದಲು. ನಾವು ತಲೆಯಿಂದ ಶುರು ಮಾಡಿದರೆ ಅಂಗೈಯಲ್ಲಿ ಅಳಿಸಿಬಿಡುವಳು. "ಕಾಲ್ ಮೊದ್ಲು ನಿಂತ್ಕಬೇಕು ಕಣ. ಕಾಲ್ ನಿಂತ್ರ ತಲ ತಾನಾಗೇ ಬತ್ತದ." ಅವಳ ಹೆಂಗಸರೆಲ್ಲ, ರಾಣಿಯೂ ಸೇರಿ, ಬರಿಗಾಲಿನವರು. ಎಲ್ಲರ ಹಿಮ್ಮಡಿಗೂ ಬೆರಳ ತುದಿಯಲ್ಲಿ ಒಡಕು ಬರೆಯುತ್ತಿದ್ದಳು. ನಡೆದವರ ಕಾಲು ಹೀಗೇ ಇರುತ್ತದೆ ಎಂದು ನಮಗೆ ಹೇಳುವಳು, ಹೇಳಿ ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುವಳು. ಮಾರನೆಯ ಬೆಳಿಗ್ಗೆ ಅದೇ ಕೈಯಲ್ಲಿ ಸಗಣಿ ಹಿಡಿದು ರಾಣಿಯನ್ನೂ ಡಾಕ್ಟರನ್ನೂ ಸಾರಿಸಿ ಹಾಕುತ್ತಿದ್ದಳು.

ಈ ಪಾಠ ಶುರುವಾದ ವಾರದಲ್ಲೇ ಒಂದು ರಾದ್ಧಾಂತ ಆಗಿತ್ತು. ದೊಡ್ಡವ್ವ ನಮ್ಮನ್ನು ಕೂರಿಸಿಕೊಂಡು, "ಇವ್ರೆಲ್ಲ ದೊಡ್ಡೋರಾದ ಎಂಗುಸ್ರು. ನೀವೂ ಇಂಗೇ ದೊಡ್ಡೋರಾಗ್ಬೇಕು" ಎಂದಿದ್ದಳು. ನಮ್ಮ ಕಡೆ ಹುಡುಗಿ ದೊಡ್ಡೋಳಾದಳು ಎಂದರೆ ಅರ್ಥ ಒಂದೇ, ಮೈನೆರೆದಳು ಎಂದು. ಬೇರೆ ಮನೆ ಮಾಡಿಕೊಂಡಿದ್ದ ಚಿಕ್ಕಪ್ಪನ ಮಗಳು, ಆರು ವರ್ಷದವಳು, ನೆಟ್ಟಗೆ ಅಜ್ಜಿಯ ಹತ್ತಿರ ಹೋಗಿ, "ಅಜ್ಜಿ, ದೊಡ್ಡೋಳಾಗದು ಎಂಗೆ ಅಂತ ದೊಡ್ಡವ್ವ ಏಳ್ಕೊಡ್ತವ್ಳ" ಎಂದು ವರದಿ ಒಪ್ಪಿಸಿದಳು.

ಅಜ್ಜಿ ಮಂಡಿ ನೋವನ್ನೂ ಮರೆತು ಜಗಲಿಗೆ ಬಂದಳು. "ಏನವ್ವ, ಅಲ್ಲುದುರ್ತಿರ ಕೂಸ್ಗಳ ಮುಂದ ಅದೆಂತ ಮಾತು?"

"ಅದಲ್ಲ ಅತ್ತೆ. ಎಸರು ಮಾಡ್ದ ಎಂಗುಸ್ರ ಕತ."

ನಮ್ಮ ಬಾಯಲ್ಲಿ ಹೆಸರು ಎನ್ನುವುದೂ ಎಸರು, ಅಡುಗೆಗೆ ಒಲೆಯ ಮೇಲಿಡುವ ನೀರೂ ಎಸರು. ಅಜ್ಜಿ ಅದನ್ನು ಬಿಡುವವಳೇ? "ಒಲ ಮ್ಯಾಲ ಎಸರಿಡು ಓಗು. ಅದೇಯ ನಿನ್ ಎಸರು" ಎಂದಳು. ನಾವು ಮಕ್ಕಳು ನಕ್ಕೆವು. ದೊಡ್ಡವ್ವನೂ ನಕ್ಕಂತೆ ಮಾಡಿ, ಎದ್ದು ಎಸರಿಡಲು ಹೋದಳು. ಈಗ ನೆನೆದರೆ ನನಗೆ ನಗು ಬರುವುದಿಲ್ಲ.

ಮಾರನೆಯ ದಿನದಿಂದ ಅವಳು ಆ ಮಾತನ್ನೇ ಬಿಟ್ಟಳು. ಬದಲಿಗೆ ನಿಂತೋಳು ಎಂದು ಹೊಸದೊಂದು ಮಾತು ಕಟ್ಟಿದಳು. ಈ ರಾಣಿ ನಿಂತೋಳು. ಈ ಡಾಕ್ಟರು ನಿಂತೋಳು. ಅಜ್ಜಿ ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ಎರಡು ದಿನ ಕೇಳಿಸಿಕೊಂಡು, ಮೂರನೇ ದಿನ, "ನಿಂತೋಳು ಅಂದ್ರ ನಾನೆಯ. ನಂಗ ಮುಟ್ಟು ನಿಂತು ಅತ್ತು ವರ್ಸಾತು. ನನ್ ಚಿತ್ರಾನೂ ಬರಿ" ಎಂದಳು. ದೊಡ್ಡವ್ವ ಬರೆದೇಬಿಟ್ಟಳು. ಬಾಗಿದ ಮಂಡಿ, ಸೊಂಟದ ಎಲೆಯಡಿಕೆ ಚೀಲ, ಒಡೆದ ಹಿಮ್ಮಡಿ ಎಲ್ಲ ಬಂತು. ಅಜ್ಜಿ ಬಹಳ ಹೊತ್ತು ನೋಡಿದಳು. ಮಾರನೆಯ ಬೆಳಿಗ್ಗೆ, "ಆ ಮೂಲ ಇವತ್ತು ಸಾರುಸ್ಬ್ಯಾಡ" ಎಂದಳು, ಮೂರು ದಿನ ಹಾಗೇ ಹೇಳಿದಳು. ಆದರೆ ಹೊಸ್ತಿಲ ಕಲ್ಲಿನ ಮಾತು ಅದರಿಂದೇನೂ ಸಡಿಲವಾಗಲಿಲ್ಲ.

ಅಷ್ಟೆಲ್ಲ ಕತೆ ಓದಿದರೂ ನನಗೆ ಒಳಗೆ ಒಂದು ಹೆದರಿಕೆ ಇದ್ದೇ ಇತ್ತು. ಊರಿನ ಶಾಲೆ ಐದರವರೆಗೆ, ಆಮೇಲೆ ಬಸ್ಸಿನಲ್ಲಿ ತಾಳವಾಡಿಗೆ ಹೋಗಬೇಕು. ನನ್ನ ಜೊತೆ ಹೋಗುತ್ತಿದ್ದ ಇಬ್ಬರು ಹುಡುಗಿಯರು ಒಬ್ಬರ ಹಿಂದೊಬ್ಬರು ದೊಡ್ಡೋರಾಗಿ ಮನೆ ಸೇರಿದ್ದರು. ಏಳನೇ ಕ್ಲಾಸಿಗೆ ನಾನೊಬ್ಬಳೇ ಉಳಿದಿದ್ದೆ. ದೊಡ್ಡೋಳಾಗುವ ದಿನ ಹತ್ತಿರ ಬರುತ್ತಿದೆ ಎಂದು ನನ್ನ ಮೈಗೆ ಗೊತ್ತಾಗುತ್ತಿತ್ತು. ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಈ ವರ್ಷ ಬೇಡ, ಮುಂದಿನ ವರ್ಷವೂ ಬೇಡ ಎಂದು.

ಬಂದೇ ಬಂತು. ಅವ್ವ ಹೆರಿಗೆಗೆಂದು ತವರಿಗೆ ಹೋಗಿದ್ದ ಹೊತ್ತು. ಬಾವಿಯ ಹತ್ತಿರ ದೊಡ್ಡವ್ವನಿಗೆ ಹೇಳಿ ಅತ್ತೆ. "ದೊಡ್ಡವ್ವ, ನಾ ದೊಡ್ಡೋಳಾಗ್ಬುಟ್ಟಿ." ಅವಳು ಕೊಡ ಕೆಳಗಿಟ್ಟು, ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

ನಮ್ಮಲ್ಲಿ ಆಗ ಗುಡ್ಲು ಹಾಕುವ ಪದ್ಧತಿ. ಸೋದರಮಾವ ಬಂದು ಹಸಿರು ಸೊಪ್ಪಿನಲ್ಲಿ ಪುಟ್ಟ ಗುಡಿಸಲು ಕಟ್ಟುವುದು, ಹುಡುಗಿ ಅದರೊಳಗೆ ಹನ್ನೊಂದು ದಿನ ಇರುವುದು, ಕೊನೆಗೆ ಗುಡ್ಲು ಸುಟ್ಟು, ನೀರು ಹಾಕಿ, ಒಸಗೆ ಮಾಡಿ ಒಳಗೆ ಕರೆದುಕೊಳ್ಳುವುದು. ನನ್ನ ಗುಡ್ಲು ಎದ್ದದ್ದು ಅಂಗಳದ ಗೋಡೆಯ ಆಚೆ, ಹೊಂಗೆ ಮರದ ಕೆಳಗೆ. ಮೈಲಿಗೆಯವಳು ಹೊಸ್ತಿಲ ಒಳಗೆ ಇರುವಂತಿಲ್ಲವಲ್ಲ. ಊಟ ತಂದುಕೊಡಲು ಅವ್ವ ಇಲ್ಲ, ಅಜ್ಜಿಗೆ ಮಂಡಿ ಬಾರದು. ಉಳಿದವಳು ಒಬ್ಬಳೇ. ದೊಡ್ಡಪ್ಪ ಒಂದು ಗಳಿಗೆ ಯೋಚಿಸಿ, "ಊಟ ಕೊಟ್ಬುಟ್ಟು ಬಾ" ಎಂದರು. ಶಾಸ್ತ್ರದ ಮುಂದೆ ಅವರ ಕಲ್ಲಿನ ಮಾತೂ ಹನ್ನೊಂದು ದಿನ ಪಕ್ಕಕ್ಕೆ ಸರಿಯಿತು.

ನಾನು ಒಳಗೆ ಬಿದ್ದ ಆ ಹನ್ನೊಂದು ದಿನ ದೊಡ್ಡವ್ವ ಹೊರಗಿದ್ದಳು. ದಿನಕ್ಕೆ ಮೂರು ಸಲ ಆ ಕಲ್ಲು ದಾಟುತ್ತಿದ್ದಳು. ಮೊದಲ ದಿನ ತಟ್ಟೆ ಇಟ್ಟವಳೇ ಓಡಿದಳು. ಎರಡನೇ ದಿನ ಗುಡ್ಲ ಬಾಯಲ್ಲಿ ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ವಿಮಾನದವಳನ್ನು ಬರೆದಳು. ನಾಲ್ಕನೇ ದಿನ, ಬರುತ್ತೇನೆ ಇರು ಎಂದು, ಪಕ್ಕದ ಹೊಲದ ಬದುವಿನ ಮೇಲೆ ಆಚೆ ತುದಿಯವರೆಗೆ ನಡೆದು ಬಂದಳು. ಬರುವಾಗ ಕುಂಟುತ್ತಿದ್ದಳು. ಬಲ ಹಿಮ್ಮಡಿಯಲ್ಲಿ ನೆಗ್ಗಿಲು ಮುಳ್ಳು ಮುರಿದು ಕೂತಿತ್ತು. ಊರಿನ ಬೇರೆ ಹೆಂಗಸರಾಗಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ, ಆ ಬೆಣ್ಣೆಯಂಥ ಕಾಲಿಗೆ ಅದು ಆಳವಾಗಿ ಇಳಿದಿತ್ತು. ನನ್ನನ್ನು ಮುಟ್ಟಬಾರದು ಎಂಬುದನ್ನು ಮರೆತೋ, ಬೇಕೆಂದೋ, ಕಾಲನ್ನು ನನ್ನ ಮಡಿಲಲ್ಲಿಟ್ಟಳು. ನಾನು ಪಿನ್ನಿನಿಂದ ಕೆದಕಿದೆ. ರಕ್ತ ಬಂತು, ಮುಳ್ಳಿನ ತುದಿ ಒಳಗೇ ಉಳಿಯಿತು.

"ನೋವಾಯ್ತದಾ ದೊಡ್ಡವ್ವ?"

"ಆಗ್ಲಿ ಬುಡು. ಒರಗಿನ ಮುಳ್ಳು ಕಣ ಕೂಸೇ" ಎಂದು ನಕ್ಕಳು. ಅಷ್ಟು ಬಾಯಿತುಂಬ ಅವಳು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದೇ ವಾರ ಊರಿನ ಮೇಷ್ಟ್ರು ಮನೆಗೆ ಬಂದಿದ್ದರು. ನಮ್ಮೂರಿಗೆ ಬಾಲವಾಡಿ ಆಗುತ್ತದೆ, ಪುಟ್ಟ ಮಕ್ಕಳಿಗೆ ಹಾಡು ಕತೆ ಹೇಳಿಕೊಡಲು ಎಂಟು ಓದಿದ ಹೆಂಗಸು ಬೇಕು, ಊರಿನಲ್ಲಿ ಇರುವುದು ನಿಮ್ಮ ಮನೆಯವರೊಬ್ಬರೇ, ಮನು ಕೊಡಲಿ ಎಂದರು. ಅರ್ಜಿಗೆ ನಮ್ಮ ಕಡೆ ಮನು ಎನ್ನುತ್ತಾರೆ, ತಮಿಳಿನಿಂದ ಬಂದದ್ದು. ದೊಡ್ಡಪ್ಪ ಮೇಷ್ಟ್ರ ಮುಂದೆ ಇಲ್ಲ ಎನ್ನಲಾರದೆ, "ಆಗ್ಲಿ, ನೋಡನ" ಎಂದಿದ್ದರು. ಅಷ್ಟು ಸಾಕಾಯಿತು ದೊಡ್ಡವ್ವನಿಗೆ. ಏಳನೇ ದಿನ ಗುಡ್ಲಿನಲ್ಲಿ ಕೂತು, ನನ್ನ ಶಾಲೆಯ ಪೆನ್ನು ತೆಗೆದುಕೊಂಡು ಮನು ಬರೆದಳು. ಆಫೀಸಿನವರಿಗೆ ತಿಳಿಯಲಿ ಎಂದು ಕೆಳಗೆ ಹೆಸರನ್ನು ತಮಿಳಿನಲ್ಲೂ ಬರೆಯಬೇಕೆಂದಳು. ನನಗೆ ಶಾಲೆಯಲ್ಲಿ ತಮಿಳಿತ್ತು. ನಾನು ಮಣ್ಣಿನಲ್ಲಿ ಬರೆದು ತೋರಿಸಿದೆ. ಅವಳು ಹತ್ತು ಸಲ ತಿದ್ದಿ, ಆಮೇಲೆ ಕಾಗದದ ಮೇಲೆ ತನ್ನ ಹೆಸರನ್ನು ಚಿತ್ರ ಬರೆದ ಹಾಗೆ ಬರೆದಳು. ಮೊದಲ ಅಕ್ಷರದ ಕಾಲಿನಿಂದಲೇ ಶುರು ಮಾಡಿದಳು.

ಹತ್ತನೇ ದಿನ ಮಧ್ಯಾಹ್ನ ಅಂಗಳದಲ್ಲಿ ಮಾತು ನಡೆಯಿತು. ಗೋಡೆಯ ಈಚೆ ಗುಡ್ಲಿನೊಳಗೆ ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು.

ಅಜ್ಜಿ ಹೇಳಿದಳು, "ಇನ್ನ ಕೂಸ್ನ ಬಸ್ ಅತ್ಸದು ಬ್ಯಾಡ. ಇಸ್ಕೂಲ್ ಸಾಕು."

"ಓದ್ಲಿ ಅತ್ತೆ. ಚಂದಾಗಿ ಓದ್ತಳ" ಎಂದಳು ದೊಡ್ಡವ್ವ.

ದೊಡ್ಡಪ್ಪ ದನಿ ಎತ್ತಲಿಲ್ಲ. "ನೀ ಬಾಲವಾಡಿಗ ಓಯ್ತೀಯ, ಕೂಸು ತಾಳವಾಡಿಗ ಓಯ್ತದ. ಅವ್ವಂಗ ಮಂಡಿ ಬರಕಿಲ್ಲ. ಬಾಣಂತಿ ಎಳಕೂಸ್ನ ಎತ್ಕಂಡು ಬತ್ತಳ. ದನ ಕರ, ಆಳ್ಗಳ ಊಟ ಯಾರು ನೋಡರು? ಇಬ್ರಲ್ಲಿ ಒಬ್ರು ಅಟ್ಟೀಲಿರ್ಬೇಕು. ಯಾರು ಅಂತ ನೀನೇ ಏಳು."

ಬಾವಿಯ ರಾಟೆ ಒಂದು ಸುತ್ತು ಕಿರುಗುಟ್ಟಿ ನಿಂತಿತು. ದೊಡ್ಡವ್ವ ಓಗ್ಲಿ ಎಂದು ನಾನು ಗೋಡೆಯಾಚೆಗೆ ಒಂದು ಮಾತು ಕೂಗಬಹುದಿತ್ತು. ಹದಿಮೂರು ವರ್ಷದವಳು, ಮನುವಿಗೆ ಅವಳ ಹೆಸರು ತಿದ್ದಿಸಿದವಳು, ಆ ಅಕ್ಷರಗಳಿಗೆ ಅವಳು ಪಟ್ಟ ಪಾಡು ಕಂಡವಳು. ಆದರೆ ನನ್ನ ಮುಂದೆ ಬರುತ್ತಿದ್ದುದು ಬಸ್ಸು, ನನ್ನ ಬೆಂಚು, ಮುಂದಿನ ತಿಂಗಳ ಪರೀಕ್ಷೆ. ಅಂಗೈಯಿಂದ ಬಾಯಿ ಒತ್ತಿಕೊಂಡೆ. ಅದನ್ನು ಹೆದರಿಕೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿಕೆ ಅಲ್ಲ, ನನಗೆ ಹೋಗಬೇಕಾಗಿತ್ತು.

"ಕೂಸು ಓಗ್ಲಿ" ಎಂದಳು ದೊಡ್ಡವ್ವ.

ಸಂಜೆ ಊಟದ ಜೊತೆ ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿ ಉಂಡೆ ತಂದಳು, ಮೈನೆರೆದವರಿಗೆ ಕೊಡುವಂಥದ್ದು. ಕಾಗದದಲ್ಲಿ ಕಟ್ಟಿತ್ತು. ಕಣ್ಣಿಗೆ ಕಣ್ಣು ಕೊಡದೆ, "ತಿನ್ನು, ಸೊಂಟ ಗಟ್ಟಿಯಾಯ್ತದ" ಎಂದು ಪೊಟ್ಟಣವನ್ನು ಮಡಿಲಿಗೆ ಹಾಕಿ, ಆ ದಿನ ಕೂರದೆ ಹೊರಟುಹೋದಳು. ಬಿಚ್ಚಿದೆ. ಅದು ಅವಳ ಮನು. ಎಳ್ಳಿನ ಎಣ್ಣೆ ಹೀರಿ ಕನ್ನಡದ ಸಾಲುಗಳೆಲ್ಲ ಮಸುಕಾಗಿದ್ದವು, ಕೆಳಗೆ ತಮಿಳಿನಲ್ಲಿ ಬರೆದ ಹೆಸರು ಮಾತ್ರ ಸ್ಪಷ್ಟವಾಗಿತ್ತು. ನಾನು ಅದನ್ನು ನೋಡುತ್ತ ಐದು ಉಂಡೆಯನ್ನೂ ತಿಂದೆ. ಕಾಗದವನ್ನು ಗುಡ್ಲಿನ ಸೊಪ್ಪಿನ ಸಂದಿಗೆ ತುರುಕಿದೆ. ಮಾರನೆಯ ದಿನ ಗುಡ್ಲಿಗೆ ಬೆಂಕಿಯಿಟ್ಟಾಗ ಅದೂ ಉರಿಯಿತು. ಒಸಗೆಯಲ್ಲಿ ಐದು ಜನ ಮುತ್ತೈದೆಯರು ನನಗೆ ಆರತಿ ಎತ್ತಿದರು. ಮಕ್ಕಳಿಲ್ಲದವಳೆಂದು ದೊಡ್ಡವ್ವನನ್ನು ಕರೆಯಲಿಲ್ಲ, ಅವಳು ಒಳಗೆ ಅಡುಗೆ ನೋಡುತ್ತಿದ್ದಳು.

ಶಾಲೆಗೆ ಮತ್ತೆ ಹೊರಟ ಬೆಳಿಗ್ಗೆ ಅವಳು ಹೊಸ್ತಿಲ ಕಲ್ಲಿನವರೆಗೆ ಬಂದಳು. ಕಾಲ ಬೆರಳು ಕಲ್ಲಿಗೆ ತಾಗುವಷ್ಟು ಹತ್ತಿರ, ಒಳಗಡೆ. "ಕಿಟ್ಕಿ ಪಕ್ಕ ಕೂತ್ಕ. ನೋಡ್ದುದ್ದೆಲ್ಲ ಬಂದು ಏಳು" ಎಂದಳು. ಪ್ರತಿ ಸಂಜೆ ನಾನು ಬಂದು ಹೇಳಿದೆ. ಅವಳು ಬರೆದಳು. ಅವಳ ಚಿತ್ರಗಳು ಬರಬರುತ್ತ ಚೆನ್ನಾದವು, ಬಸ್ಸು ಬಸ್ಸಿನ ಹಾಗೇ ಬಂತು. ಬಾಲವಾಡಿಗೆ ಬೇರೆ ಊರಿನಿಂದ ಒಬ್ಬ ಟೀಚರಮ್ಮ ಬಂದರು. ಬೆಳಿಗ್ಗೆ ಹತ್ತು ಗಂಟೆಗೆ ಆ ಮಕ್ಕಳ ಹಾಡು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಆ ಹೊತ್ತಿಗೆ ದೊಡ್ಡವ್ವ ಏನಾದರೊಂದು ನೆಪದಲ್ಲಿ ಬಾವಿಯ ಹತ್ತಿರ ಇರುತ್ತಿದ್ದಳು. ಆ ಮನುವಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಟೀಚರ್ ಟ್ರೇನಿಂಗಿನ ಎರಡನೇ ವರ್ಷದಲ್ಲಿದ್ದಾಗ ಅವಳು ಹೋದಳು. ನಾಲ್ಕು ದಿನದ ಜ್ವರ, ಆಸ್ಪತ್ರೆಗೆ ಒಯ್ಯೋಣ ಎಂದು ಗಾಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು. ಮೈ ತೊಳೆಯುವಾಗ ಕಾಲು ನಾನು ತೊಳೆಯುತ್ತೇನೆ ಎಂದೆ. ಅದೇ ಬಿಳಿಯ ಮೆತ್ತನೆಯ ಅಂಗಾಲು, ಮುದುಕಿಯಾಗುವ ವಯಸ್ಸಿಗೆ ಬಂದರೂ ಒಂದು ಗೆರೆಯಿಲ್ಲ. ಬಲ ಹಿಮ್ಮಡಿಯಲ್ಲಿ ಎಳ್ಳುಕಾಳಿನಷ್ಟು ಒಂದು ಕಪ್ಪು ಚುಕ್ಕೆ ಇತ್ತು. ಬೆರಳಿಟ್ಟು ನೋಡಿದೆ. ಮುಳ್ಳಿನ ತುದಿ ಅಷ್ಟು ವರ್ಷ ಅಲ್ಲೇ ಇತ್ತು. ಅಲ್ಲಿಯವರೆಗೆ ಅಳದೆ ಇದ್ದವಳು ಆಗ ಅತ್ತೆ. ಮನೆಯವರು ನನ್ನನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿ, ಅವಳನ್ನು ಎತ್ತಿಕೊಂಡು ಹೊಸ್ತಿಲ ಕಲ್ಲು ದಾಟಿದರು.

ನಾನು ಟೀಚರಾದೆ. ಕ್ಲಾಸಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ರಾಣಿಯನ್ನು, ಡಾಕ್ಟರನ್ನು, ವಿಮಾನದವಳನ್ನು ಬರೆಸುತ್ತೇನೆ. ತಲೆಯಿಂದ ಶುರು ಮಾಡಿದವರನ್ನು ಅಳಿಸಿ, ಕಾಲು ಮೊದಲು ಎನ್ನುತ್ತೇನೆ. ಎಲ್ಲ ಮುಗಿದ ಮೇಲೆ ಒಂದೊಂದು ದಿನ ನಾನೇ ಒಂದು ಜೊತೆ ಕಾಲು ಬರೆದು, ಬಲ ಹಿಮ್ಮಡಿಗೆ ಒಂದು ಚುಕ್ಕೆ ಇಟ್ಟು, ಅಲ್ಲಿಗೇ ನಿಲ್ಲಿಸುತ್ತೇನೆ. ಇದು ಯಾರು ಟೀಚರ್, ಇವರ ಕತೆ ಹೇಳಿ ಎಂದು ಮಕ್ಕಳು ಪೀಡಿಸುತ್ತವೆ. ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತೇನೆ. ಇನ್ನೂ ಹೇಳಿಲ್ಲ. ಆ ಕತೆಯಲ್ಲಿ ನಾನೂ ಬರುತ್ತೇನೆ, ಬಾಯಿ ತುಂಬ ಚಿಗಳಿ ತುಂಬಿಕೊಂಡು.